ಹಳೆಯ ಬೋರ್ಡು, ಹೊಸ ಪ್ರೊಸೆಸರು

ಪೋಷಕರ ಸಭೆಯೊಂದರಲ್ಲಿ ಎದ್ದುನಿಂತು ಆಡಿದ ಮಾತನ್ನು ಎರಡು ತಿಂಗಳ ಬಳಿಕ ಅದೇ ಸಭೆಯ ಮುಂದೆ ನಾನು ಹಿಂತೆಗೆದುಕೊಳ್ಳಬೇಕಾಯಿತು. ವಕೀಲಿ ವೃತ್ತಿಯಲ್ಲಿ ಇಷ್ಟು ವರ್ಷ ಕಳೆದವನಿಗೆ ಇದು ಸುಲಭವಾಗಿರಲಿಲ್ಲ. ನ್ಯಾಯಾಲಯದಲ್ಲಿ ವಾದ ಸೋತರೆ ಮೇಲ್ಮನವಿಯ ದಾರಿಯಾದರೂ ಉಂಟು. ಊರಿನವರ ಹಣದ ವಿಷಯದಲ್ಲಿ ತಪ್ಪು ಸಲಹೆ ಕೊಟ್ಟವನಿಗೆ ಅಂಥ ದಾರಿ ಇಲ್ಲ.

ನಮ್ಮ ಕನ್ನಡ ಮಾಧ್ಯಮ ಶಾಲೆಯಲ್ಲಿ ಐದು ಕಂಪ್ಯೂಟರುಗಳಿವೆ. 2018ರಲ್ಲಿ ಹಳೆಯ ವಿದ್ಯಾರ್ಥಿಗಳು ಸೇರಿ ಕೊಡಿಸಿದವು. ಅಂದು ಅಂಗಡಿಗೆ ಹೋಗಿ ಆರಿಸಿ ತಂದವರಲ್ಲಿ ನಾನೂ ಒಬ್ಬ. ಅದೇ ಕಂತಿನಲ್ಲಿ ಮನೆಗೂ ಒಂದನ್ನು ಕೊಂಡೆ. ಆರಕ್ಕೂ ಒಂದೇ ಮಾದರಿಯ ಮದರ್‌ಬೋರ್ಡು, ಎಎಂಡಿ ಕಂಪನಿಯ ಎ320 ಚಿಪ್‌ಸೆಟ್ಟಿನದು. ಮಾರುಕಟ್ಟೆಯಲ್ಲಿ ಆ ಕಾಲಕ್ಕೆ ಸಿಗುತ್ತಿದ್ದ ಅತ್ಯಂತ ಅಗ್ಗದ ದರ್ಜೆ ಅದು. ಪ್ರೊಸೆಸರು ನಾಲ್ಕು ಕೋರಿನ ರೈಜೆನ್ 3 2200ಜಿ. ಐದಾರು ವರ್ಷ ಅವು ದೂರಿಲ್ಲದೆ ದುಡಿದವು. ಆಮೇಲೆ ನಿಧಾನವಾದವು. ಮಕ್ಕಳು ಗುಂಡಿ ಒತ್ತಿ, ಪುಸ್ತಕ ತೆರೆದು ಒಂದು ಪುಟ ಓದಿ ಮುಗಿಸುವಷ್ಟರಲ್ಲಿ ಪರದೆ ಸಿದ್ಧವಾಗುತ್ತಿತ್ತು.

ಪೋಷಕರು ಮತ್ತೆ ಹಣ ಕೂಡಿಸಿದರು. ನಮ್ಮ ಹಾಸನೂರಿನಂಥ ಊರಿನಲ್ಲಿ ಹಣ ಕೂಡಿಸುವುದೆಂದರೆ ಏನೆಂದು ಇದನ್ನು ಓದುವವರಿಗೆ ವಿವರಿಸಬೇಕಿಲ್ಲ. ಮಳೆಯನ್ನು ನಂಬಿ ರಾಗಿ ಬಿತ್ತುವವರು, ಕೂಲಿಗೆ ಹೋಗುವವರು, ಕಾಡಿನ ಅಂಚಿನಲ್ಲಿ ಜೋಳ ಹಾಕಿ ರಾತ್ರಿಯೆಲ್ಲ ಆನೆ ಕಾಯುವವರು. ಒಬ್ಬ ತಾಯಿ ಮುನ್ನೂರು ರೂಪಾಯಿಯನ್ನು ಹತ್ತರ, ಇಪ್ಪತ್ತರ ನೋಟುಗಳಲ್ಲಿ ಎಣಿಸಿ ಕೊಟ್ಟರು. ಎಲ್ಲ ಸೇರಿ 32,000 ರೂಪಾಯಿಯಾಯಿತು. ಇದನ್ನು ಹೇಗೆ ಖರ್ಚು ಮಾಡಬೇಕೆಂಬ ಪ್ರಶ್ನೆ ಬಂದಾಗ ನಾನು ಎದ್ದುನಿಂತೆ. "ಹೊಸ ಕಂಪ್ಯೂಟರು ಬೇಡ. ಬೋರ್ಡು ಹಾಗೆಯೇ ಇರಲಿ, ಎರಡು ಯಂತ್ರಗಳ ಪ್ರೊಸೆಸರು ಮಾತ್ರ ಬದಲಾಯಿಸೋಣ. ಎಂಟು ಕೋರಿನದು ಕೂರಿಸಿದರೆ ಇನ್ನೈದು ವರ್ಷ ಚಿಂತೆಯಿಲ್ಲ" ಎಂದೆ. ಎಲ್ಲರೂ ತಲೆಯಾಡಿಸಿದರು. ವಕೀಲರು ಹೇಳಿದ ಮೇಲೆ ಪ್ರಶ್ನೆಯೇನು!

ಈ ಸಲಹೆಗೆ ಆಧಾರವಿಲ್ಲದೇ ಇರಲಿಲ್ಲ. ಎಎಂಡಿಯವರು ಎಎಂ4 ಎಂಬ ಒಂದೇ ಸಾಕೆಟ್ಟನ್ನು ಬಹುಕಾಲ ಉಳಿಸಿಕೊಂಡರು. 2017ರ ಮೊದಲ ರೈಜೆನ್ ಕೂರುತ್ತಿದ್ದ ಸಾಕೆಟ್ಟಿನಲ್ಲಿಯೇ 2020ರ ನವೆಂಬರಿನಲ್ಲಿ ಬಂದ 5000 ಸರಣಿಯ ಪ್ರೊಸೆಸರೂ ಕೂರುತ್ತದೆ. ಹಳೆಯ 300 ಸರಣಿಯ ಬೋರ್ಡುಗಳಿಗೆ ಈ ಅವಕಾಶ ಕೊಡಲು ಕಂಪನಿ ಮೊದಲು ಒಪ್ಪಿರಲಿಲ್ಲ. ಬಳಕೆದಾರರು ಬಹಳ ಒತ್ತಾಯಿಸಿದ ಮೇಲೆ 2022ರಲ್ಲಿ ಒಪ್ಪಿತು. ಬೋರ್ಡಿನೊಳಗಿನ ಬಯೋಸ್ ಎಂಬ ಮೂಲ ತಂತ್ರಾಂಶವನ್ನು ಹೊಸದು ಮಾಡಿಕೊಂಡರೆ ಸಾಕು. ನಮ್ಮ ಬೋರ್ಡಿನ ತಯಾರಕರು ಪ್ರಕಟಿಸಿದ ಪಟ್ಟಿಯಲ್ಲಿಯೂ ರೈಜೆನ್ 7 5800ಎಕ್ಸ್ ಎಂಬ ಹೆಸರು ಸ್ಪಷ್ಟವಾಗಿ ಇತ್ತು. ಲಿಖಿತ ದಾಖಲೆ ಕೈಯಲ್ಲಿದ್ದಾಗ ವಕೀಲನಿಗೆ ಇನ್ನೇನು ಬೇಕು?

ಶಾಲೆಯ ಯಂತ್ರಗಳಿಗೆ ಕೈಹಾಕುವ ಮೊದಲು ಮನೆಯದರಲ್ಲಿ ಪರೀಕ್ಷಿಸೋಣವೆಂದು ನನ್ನ ಹಣದಲ್ಲಿ ಒಂದು 5800ಎಕ್ಸ್ ಅನ್ನು ಸೆಕೆಂಡ್‌ಹ್ಯಾಂಡಿನಲ್ಲಿ ತಂದೆ. ಇಡೀ ಪ್ರಸಂಗದಲ್ಲಿ ನಾನು ಮಾಡಿದ ಒಂದೇ ಬುದ್ಧಿವಂತಿಕೆ ಇದು. ಅದರೊಳಗೆ ಚಿತ್ರ ತೋರಿಸುವ ಭಾಗ ಇಲ್ಲವೆಂದು ತಡವಾಗಿ ತಿಳಿದು, ಸಣ್ಣದೊಂದು ಗ್ರಾಫಿಕ್ಸ್ ಕಾರ್ಡಿಗಾಗಿ ಮತ್ತೊಮ್ಮೆ ದಿಂಬಂ ಘಟ್ಟದ 27 ತಿರುವುಗಳನ್ನು ಇಳಿದು ಹತ್ತಿದೆ. ಬಯೋಸ್ ಬದಲಾಯಿಸಿದ ರಾತ್ರಿಯದು ಬೇರೆಯೇ ಆತಂಕ. ಆ ಕೆಲಸ ನಡೆಯುವ ಕೆಲವು ನಿಮಿಷಗಳಲ್ಲಿ ಕರೆಂಟು ಹೋದರೆ ಬೋರ್ಡು ನಿಷ್ಪ್ರಯೋಜಕವಾಗಬಹುದು. ನಮ್ಮ ಲೈನು ಬರುವುದೋ ಕಾಡಿನ ನಡುವೆ. ಒಂದು ಕೊಂಬೆ ಬಿದ್ದರೂ ಊರಿಗೆ ಕತ್ತಲು. ನೆರೆಮನೆಯವರಿಂದ ಯುಪಿಎಸ್ ಕೇಳಿ ತಂದು ಜೋಡಿಸಿ, ಉಸಿರು ಬಿಗಿಹಿಡಿದು ಕುಳಿತೆ. ಆ ಘಟ್ಟವನ್ನೇನೋ ದಾಟಿದೆವು.

ಒಂದು ವಾರ ಎಲ್ಲವೂ ಸೊಗಸಾಗಿತ್ತು. ಆಮೇಲೆ ಹತ್ತನೆಯ ತರಗತಿಯಲ್ಲಿದ್ದ ನನ್ನ ಮಗಳು ಶಾಲಾ ವಾರ್ಷಿಕೋತ್ಸವದ ವಿಡಿಯೋವನ್ನು ಜೋಡಿಸಲು ಕುಳಿತಳು. ತುಣುಕುಗಳನ್ನು ಕತ್ತರಿಸಿ ಸೇರಿಸುವವರೆಗೆ ತೊಂದರೆಯಿಲ್ಲ. ಕೊನೆಗೆ ಎಲ್ಲವನ್ನೂ ಒಂದು ಕಡತವಾಗಿ ಹೊರತೆಗೆಯುವಾಗ ಎಂಟೂ ಕೋರುಗಳು ಬಿಡುವಿಲ್ಲದೆ ದುಡಿಯಬೇಕು. ಮೊದಲ ಆರೇಳು ನಿಮಿಷ ಕುದುರೆಯಂತೆ ಓಡಿತು. ಅನಂತರ ಯಾರೋ ಲಗಾಮು ಎಳೆದಂತೆ ನಿಂತುಬಿಟ್ಟಿತು. ನಾಲ್ಕು ಗಿಗಾಹರ್ಟ್ಸ್ ದಾಟಿದ್ದ ವೇಗ ಒಂದಕ್ಕಿಂತ ಕೆಳಗೆ ಇಳಿಯಿತು. ಒಂದು ನಿಮಿಷ ಹಾಗಿದ್ದು ಮತ್ತೆ ಏರಿತು, ಮತ್ತೆ ಬಿದ್ದಿತು. ಹಳೆಯ ನಾಲ್ಕು ಕೋರಿನ ಪ್ರೊಸೆಸರೇ ವಾಸಿ ಎನ್ನುವಷ್ಟು ಹೊತ್ತು ಹಿಡಿಯಿತು.

ನಾನು ಸಹಜವಾಗಿ ಪ್ರೊಸೆಸರಿನ ಮೇಲೆ ಸಂಶಯಪಟ್ಟೆ. ಸೆಕೆಂಡ್‌ಹ್ಯಾಂಡು ಮಾಲು, ಯಾರು ಹೇಗೆ ದುಡಿಸಿದ್ದರೋ. ಆದರೆ ಪರದೆಯ ಮೇಲೆ ಅದರ ಉಷ್ಣತೆ 75 ಡಿಗ್ರಿಯ ಆಸುಪಾಸಿನಲ್ಲಿತ್ತು. ಅದಕ್ಕೆ ಅನುಮತಿಸಿದ ಮಿತಿ 90. ಅದರ ಮೇಲೆ ದೊಡ್ಡದೊಂದು ಕೂಲರನ್ನೂ ಹೊಸದಾಗಿ ಕೂರಿಸಿದ್ದೆ.

"ಪ್ರೊಸೆಸರು ಬಿಸಿ ಆಯ್ತಾ ಇಲ್ಲ ಕಣಪ್ಪ, ಆದ್ರೂ ಯಾಕ ಹಿಂಗ ಮಲಗ್ತದ?" ಎಂದಳು ಮಗಳು.

ನನ್ನಲ್ಲಿ ಉತ್ತರವಿರಲಿಲ್ಲ. ಅಂಗಡಿಯವನಿಗೆ ನೋಟಿಸು ಕೊಡುವುದೆಂದು ಮನಸ್ಸಿನಲ್ಲಿಯೇ ಕರಡು ತಯಾರಿಸತೊಡಗಿದ್ದೆ. ಅವಳು ಮಾತ್ರ ಪೆಟ್ಟಿಗೆಯ ಪಕ್ಕದ ಮುಚ್ಚಳ ಬಿಚ್ಚಿ, ಮೇಜಿನ ಫ್ಯಾನನ್ನು ಅದರ ಮುಖಕ್ಕೆ ತಿರುಗಿಸಿ ಇಟ್ಟಳು. ವೇಗ ಬೀಳುವುದು ನಿಂತಿತು. ಫ್ಯಾನು ಆರಿಸಿದಳು, ಐದಾರು ನಿಮಿಷಕ್ಕೆ ಮತ್ತೆ ಬಿತ್ತು. ಹಾಕಿದಳು, ಏರಿತು. ಸಾಕ್ಷಿಯನ್ನು ಮೂರು ಬಾರಿ ಒಂದೇ ಪ್ರಶ್ನೆ ಕೇಳಿ, ಮೂರು ಬಾರಿಯೂ ಒಂದೇ ಉತ್ತರ ಪಡೆಯುವ ಪಾಟೀಸವಾಲು ಇದು. ಪ್ರೊಸೆಸರಲ್ಲದ ಬೇರೇನೋ ಬೇಯುತ್ತಿದೆ ಎಂಬುದು ಸಿದ್ಧವಾಯಿತು.

ಆ ಬೇರೇನೋ ಎಂಬುದು ಪ್ರೊಸೆಸರಿನ ಮಗ್ಗುಲಲ್ಲಿಯೇ ಇತ್ತು. ಬೋರ್ಡಿನ ಮೇಲೆ ಸಾಕೆಟ್ಟಿನ ಎಡಕ್ಕೆ ಸಾಲಾಗಿ ಕುಳಿತ ಬೂದು ಬಣ್ಣದ ಚೌಕದ ಚೋಕುಗಳು, ಅವುಗಳ ಪಕ್ಕ ಬೆರಳುಗುರಿಗಿಂತ ಸಣ್ಣ ಕಪ್ಪು ಮಾಸ್‌ಫೆಟ್ಟುಗಳು, ಉರುಟು ಡಬ್ಬಿಗಳಂಥ ಕೆಪಾಸಿಟರುಗಳು. ಈ ಸಂಸಾರಕ್ಕೆ ವಿಆರ್‌ಎಂ ಎಂದು ಹೆಸರು. ಪೆಟ್ಟಿಗೆಯ ಪವರ್ ಸಪ್ಲೈ ಕೊಡುವುದು 12 ವೋಲ್ಟು. ಪ್ರೊಸೆಸರಿಗೆ ಬೇಕಾದದ್ದು ಒಂದೂಕಾಲು ವೋಲ್ಟಿನ ಆಸುಪಾಸು, ಅದೂ ಕ್ಷಣಕ್ಷಣಕ್ಕೂ ಹದ ತಪ್ಪದೆ. ಮಾಸ್‌ಫೆಟ್ಟುಗಳು ಸೆಕೆಂಡಿಗೆ ಲಕ್ಷಗಟ್ಟಲೆ ಬಾರಿ ತೆರೆದು ಮುಚ್ಚಿ ಆ 12 ವೋಲ್ಟನ್ನು ಕೊಚ್ಚುತ್ತವೆ. ಚೋಕು ಮತ್ತು ಕೆಪಾಸಿಟರುಗಳು ಕೊಚ್ಚಿದ್ದನ್ನು ನಯವಾಗಿಸುತ್ತವೆ. ನಮ್ಮ ಊರಿನ ಟ್ರಾನ್ಸ್‌ಫಾರ್ಮರ್ ಮಾಡುವ ಇಳಿಕೆಯ ಕೆಲಸವನ್ನೇ ಇದು ಬೇರೆ ವಿಧಾನದಲ್ಲಿ ಮಾಡುತ್ತದೆ ಎನ್ನಬಹುದು.

ವೋಲ್ಟು ಇಳಿದಷ್ಟೂ ಅದೇ ಶಕ್ತಿಯನ್ನು ಸಾಗಿಸಲು ಆಂಪಿಯರ್ ಏರಬೇಕು. ಇದು ರೈತರಿಗೆ ಗೊತ್ತಿರುವ ವಿಷಯ. ವೋಲ್ಟೇಜು ಕಡಿಮೆಯಿದ್ದಾಗ ಬಾವಿಯ ಮೋಟರು ಹೆಚ್ಚು ಕರೆಂಟು ಎಳೆದು ಸುತ್ತು ಸುಟ್ಟುಕೊಳ್ಳುವುದು ಇದರಿಂದಲೇ. ಐದು ಎಚ್‌ಪಿಯ ಮೂರು ಫೇಸಿನ ಮೋಟರು ಪ್ರತಿ ಫೇಸಿನಲ್ಲಿ ಎಳೆಯುವುದು ಏಳೆಂಟು ಆಂಪಿಯರ್. ಬೆಂಕಿಪೊಟ್ಟಣದಷ್ಟು ಅಗಲದ ಈ 5800ಎಕ್ಸ್‌ಗೆ ನಿಗದಿಯಾದ ಮಿತಿ ನಿರಂತರ 95 ಆಂಪಿಯರ್, ಕ್ಷಣಮಾತ್ರಕ್ಕೆ 140! ವೋಲ್ಟು ಅಷ್ಟು ಕಡಿಮೆಯಾದ್ದರಿಂದ ನಮಗದು ಮುಟ್ಟಿದರೂ ಹೊಡೆಯುವುದಿಲ್ಲ. ಆದರೆ ಅಷ್ಟು ಕರೆಂಟು ಹರಿಯುವ ದಾರಿ ಬಿಸಿಯಾಗದೇ ಇರಲಾರದು.

ಪೆಟ್ಟಿಗೆಯ ಮೇಲೆ ಅಚ್ಚಾದದ್ದು 105 ವ್ಯಾಟ್. ನಾನು ಅದನ್ನೇ ಅದರ ಬಳಕೆಯೆಂದು ತಿಳಿದಿದ್ದೆ. ಆ ಅಂಕಿ ಕೂಲರನ್ನು ಆರಿಸಲು ಕೊಟ್ಟ ಒಂದು ದರ್ಜೆ ಮಾತ್ರ. ಸಾಕೆಟ್ಟಿನಿಂದ ಅದು ವಾಸ್ತವವಾಗಿ ಎಳೆಯಬಹುದಾದದ್ದು 142 ವ್ಯಾಟ್. 65 ವ್ಯಾಟ್ ಎಂದು ಬರೆದ ರೈಜೆನ್‌ಗಳಿಗೆ ಆ ಮಿತಿ 88 ವ್ಯಾಟ್, ನಿರಂತರ ಕರೆಂಟು ಸುಮಾರು 60 ಆಂಪಿಯರ್. ಕರಾರು ಪತ್ರದಲ್ಲಿ ದೊಡ್ಡಕ್ಷರದಲ್ಲಿ ಒಂದು, ಅಡಿಟಿಪ್ಪಣಿಯಲ್ಲಿ ಇನ್ನೊಂದು ಇರುವುದನ್ನು ಕಕ್ಷಿದಾರರಿಗೆ ದಿನವೂ ತೋರಿಸಿಕೊಡುವವನು ನಾನು. ನನ್ನ ಸರದಿ ಬಂದಾಗ ದೊಡ್ಡಕ್ಷರವನ್ನಷ್ಟೇ ಓದಿದ್ದೆ.

95 ಮತ್ತು 60ರ ನಡುವಿನ ಅಂತರ ಒಂದೂವರೆ ಪಟ್ಟು ಎಂದು ಕಾಣುತ್ತದೆ. ಇಲ್ಲಿ ಮಗಳು ತನ್ನ ವಿಜ್ಞಾನ ಪುಸ್ತಕವನ್ನು ತಂದು ವಿದ್ಯುತ್ತಿನ ಪಾಠ ತೆರೆದಳು. ಜೌಲ್‌ನ ನಿಯಮ: ಉತ್ಪತ್ತಿಯಾಗುವ ಉಷ್ಣವು ಪ್ರವಾಹದ ವರ್ಗಕ್ಕೆ ನೇರ ಅನುಪಾತದಲ್ಲಿರುತ್ತದೆ. ಕರೆಂಟು ಎರಡು ಪಟ್ಟಾದರೆ ಬಿಸಿ ನಾಲ್ಕು ಪಟ್ಟು. ಅವಳೇ ಲೆಕ್ಕ ಹಾಕಿದಳು. ಒಂದೂವರೆ ಪಟ್ಟು ಚಿಲ್ಲರೆಯ ವರ್ಗವೆಂದರೆ ಎರಡೂವರೆ. ಅಂದರೆ ಅದೇ ದಾರಿಯಲ್ಲಿ ಎರಡೂವರೆ ಪಟ್ಟು ಬಿಸಿ. ಅವಳು ಅದನ್ನು ಕನ್ನಡದಲ್ಲಿ ಕಲಿತಿದ್ದಳು, ಕನ್ನಡದಲ್ಲಿಯೇ ನನಗೆ ಹೇಳಿದಳು, ನನಗೆ ಒಡನೆಯೇ ಅರ್ಥವಾಯಿತು. ಕನ್ನಡ ಮಾಧ್ಯಮದಿಂದ ಮುಂದೇನು ಪ್ರಯೋಜನವೆಂದು ನನ್ನನ್ನು ಕೇಳುವ ಬಂಧುಗಳು ಆ ಸಂಜೆ ನಮ್ಮ ಮನೆಯಲ್ಲಿರಬೇಕಿತ್ತು ಎನ್ನಿಸಿತು. ಇರಲಿ, ಅದು ಇಲ್ಲಿಯ ಮಾತಲ್ಲ.

ಈ ಹೊರೆಯನ್ನು ಬೋರ್ಡು ಹೇಗೆ ಹಂಚಿಕೊಳ್ಳುತ್ತದೆ ಎಂಬುದರಲ್ಲಿಯೇ ಅಗ್ಗದ ಬೋರ್ಡಿಗೂ ಒಳ್ಳೆಯ ಬೋರ್ಡಿಗೂ ವ್ಯತ್ಯಾಸ. ಮಾಸ್‌ಫೆಟ್ಟು ಮತ್ತು ಚೋಕುಗಳ ಒಂದೊಂದು ಜೋಡಣೆಯನ್ನು ಫೇಸ್ ಎನ್ನುತ್ತಾರೆ. ನಮ್ಮ ಮೂರು ಫೇಸಿನ ಲೈನಿನಂತೆಯೇ ಅವು ಒಂದರ ಹಿಂದೊಂದು ಸರದಿಯಲ್ಲಿ ಕೆಲಸ ಮಾಡುತ್ತವೆ. ನನ್ನ ಬೋರ್ಡಿನಲ್ಲಿ ಪ್ರೊಸೆಸರಿನ ಕೋರುಗಳಿಗೆಂದು ಇದ್ದದ್ದು ಮೂರೇ ಫೇಸು. 95ನ್ನು ಮೂರರಿಂದ ಭಾಗಿಸಿದರೆ ತಲೆಗೆ ಸುಮಾರು 32 ಆಂಪಿಯರ್. ಎಂಟು ಫೇಸಿನ ಬೋರ್ಡಾಗಿದ್ದರೆ ತಲೆಗೆ ಹನ್ನೆರಡೇ ಆಗುತ್ತಿತ್ತು. ಸಾಲದ್ದಕ್ಕೆ ಒಳ್ಳೆಯ ಬೋರ್ಡುಗಳಲ್ಲಿ ಮಾಸ್‌ಫೆಟ್ಟುಗಳ ಮೇಲೆ ಅಲ್ಯುಮಿನಿಯಮ್ಮಿನ ಹೀಟ್‌ಸಿಂಕ್ ಇರುತ್ತದೆ. ನನ್ನದರಲ್ಲಿ ಅವು ಬರಿಮೈಯಲ್ಲಿ ಕುಳಿತಿದ್ದವು.

ಇಷ್ಟಾದರೂ ಬಹುಶಃ ನಡೆಯುತ್ತಿತ್ತೇನೋ. ನಾನೇ ಇನ್ನೊಂದು ಅನರ್ಥ ಮಾಡಿಟ್ಟಿದ್ದೆ. ಹಳೆಯ ಪ್ರೊಸೆಸರಿನ ಜೊತೆ ಬಂದಿದ್ದ ಗಿಡ್ಡ ಕೂಲರು ಗಾಳಿಯನ್ನು ಮೇಲಿನಿಂದ ಕೆಳಕ್ಕೆ ಬೋರ್ಡಿನ ಮೇಲೆ ಊದುತ್ತಿತ್ತು. ಆ ಗಾಳಿಯ ಪಾಲು ಮಾಸ್‌ಫೆಟ್ಟುಗಳಿಗೂ ಸಿಗುತ್ತಿತ್ತು. ನಾನು ಹೆಚ್ಚು ಹಣ ಕೊಟ್ಟು ತಂದ ಗೋಪುರದಂಥ ಕೂಲರು ಗಾಳಿಯನ್ನು ಅಡ್ಡಡ್ಡ ತಳ್ಳಿ ಹಿಂದಕ್ಕೆ ಕಳಿಸುತ್ತದೆ. ಪ್ರೊಸೆಸರು ತಣ್ಣಗಾಯಿತು. ಅದಕ್ಕೆ ಉಣಿಸುವವರು ಬೆಂದುಹೋದರು. ಬೋರ್ಡು ತನ್ನನ್ನು ಉಳಿಸಿಕೊಳ್ಳಲು ಪ್ರೊಸೆಸರಿನ ವೇಗವನ್ನು ಕತ್ತರಿಸಿತು. ಹಾಗೆ ಕತ್ತರಿಸಿದ್ದು ದೋಷವಲ್ಲ, ರಕ್ಷಣೆ. ಆ ಏರ್ಪಾಡು ಇಲ್ಲದಿದ್ದರೆ ಬೋರ್ಡು ಸುಟ್ಟೇಹೋಗಬಹುದಿತ್ತು.

ನೋಟಿಸಿನ ಕರಡು ಏನಾಯಿತೆಂದು ಓದುಗರು ಕೇಳಬಹುದು. ಅಂಗಡಿಯವನ ಮೇಲೆ ಹೋಗಲು ನನಗೆ ಮೊದಲು ಹೊಳೆದದ್ದು 1930ರ ಸರಕು ಮಾರಾಟ ಕಾಯ್ದೆಯ 16ನೆಯ ಕಲಮು. ಕೊಳ್ಳುವವನು ತನ್ನ ನಿರ್ದಿಷ್ಟ ಉದ್ದೇಶವನ್ನು ಮಾರುವವನಿಗೆ ತಿಳಿಸಿ, ಅವನ ತಿಳಿವಳಿಕೆಯನ್ನು ನಂಬಿ ಕೊಂಡಿದ್ದರೆ, ಸರಕು ಆ ಉದ್ದೇಶಕ್ಕೆ ಯೋಗ್ಯವಾಗಿರಬೇಕೆಂಬ ಷರತ್ತು ಹೇಳದೆಯೇ ಇರುತ್ತದೆ. ಇದನ್ನು ಗಂಭೀರವಾಗಿ ವಿವರಿಸುತ್ತಿದ್ದಾಗ ಮಗಳು ಕೇಳಿದಳು: "ನಮ್ಮ ಬೋರ್ಡು ಯಾವುದು ಅಂತ ಅಂಗಡಿಯವರಿಗ ಹೇಳಿದ್ಯಾಪ್ಪ?" ಹೇಳಿರಲಿಲ್ಲ. ಮಾದರಿಯ ಹೆಸರು ಹಿಡಿದು ಕೇಳಿದ್ದೆ, ಅವನು ಕೊಟ್ಟಿದ್ದ. ಅಂಥ ವ್ಯಾಪಾರಕ್ಕೆ ಅದೇ ಕಲಮಿನಲ್ಲಿ ವಿನಾಯಿತಿಯೂ ಇದೆ. ವ್ಯಾಪಾರನಾಮದಿಂದ ಕೇಳಿ ಕೊಂಡ ವಸ್ತು ಯಾವುದೋ ಉದ್ದೇಶಕ್ಕೆ ಒದಗಲಿಲ್ಲವೆಂದು ಮಾರಿದವನನ್ನು ಹಿಡಿಯಲಾಗದು. ಇನ್ನು ಬೋರ್ಡಿನ ತಯಾರಕರು. ಅವರ ಪಟ್ಟಿಯಲ್ಲಿ "ಬೆಂಬಲವಿದೆ" ಎಂದಿತ್ತಲ್ಲ? ಬೆಂಬಲವೆಂದರೆ ಗುರುತಿಸುತ್ತದೆ, ಚಾಲೂ ಆಗುತ್ತದೆ ಎಂದರ್ಥವೋ, ಎಂಟೂ ಕೋರುಗಳನ್ನು ಗಂಟೆಗಟ್ಟಲೆ ಹೊರುತ್ತದೆ ಎಂದರ್ಥವೋ ಎಂಬುದರ ಮೇಲೆ ಒಂದು ದಿನ ವಾದ ಮಾಡಬಹುದು. ಆದರೆ ಮೂರು ವರ್ಷದ ವಾರಂಟಿ 2021ಕ್ಕೇ ಮುಗಿದಿತ್ತು, ಕೂಲರು ಬದಲಾಯಿಸಿದವನೂ ನಾನೇ. ಕರಡನ್ನು ಅಲ್ಲಿಗೇ ಬಿಟ್ಟೆ.

2017ರಲ್ಲಿ ಇಂಟೆಲ್ ಕಂಪನಿ ತನ್ನ ಎಂಟನೆಯ ತಲೆಮಾರಿನ ಪ್ರೊಸೆಸರುಗಳನ್ನು ಹಳೆಯ ಬೋರ್ಡುಗಳಲ್ಲಿ ನಡೆಯಗೊಡಲಿಲ್ಲ. ಸಾಕೆಟ್ಟಿನ ಆಕಾರ ಒಂದೇ ಆಗಿದ್ದರೂ ಹೊಸ ಬೋರ್ಡೇ ಬೇಕು ಎಂದಿತು. ವಿದ್ಯುತ್ ಪೂರೈಕೆಯ ಅಗತ್ಯ ಬದಲಾಗಿದೆ ಎಂಬುದು ಅದು ಕೊಟ್ಟ ಕಾರಣ. ಅದು ಹಣ ಕೀಳುವ ಉಪಾಯವೆಂದು ಬೈದವರಲ್ಲಿ ನಾನೂ ಇದ್ದೆ. ಈಗಲೂ ಆ ಸಮಜಾಯಿಷಿಯನ್ನು ಪೂರ್ತಿ ಒಪ್ಪಲಾರೆ. ಹಳೆಯದನ್ನು ಉಳಿಸಿಕೊಳ್ಳುವ ಅವಕಾಶ ಬಡವರಿಗೆ ಬೇಕೇ ಬೇಕು. ಆದರೆ ಬಾಗಿಲು ತೆರೆದಿಟ್ಟವರು ಒಳಗಿನ ಮೆಟ್ಟಿಲು ಎಷ್ಟು ಭಾರ ತಾಳುತ್ತದೆ ಎಂಬುದನ್ನೂ ಬಾಗಿಲಲ್ಲೇ ಬರೆದಿಡಬೇಕಿತ್ತು.

ಮನೆಯ ಯಂತ್ರಕ್ಕೆ ಪರಿಹಾರ ಸಿಕ್ಕಿತು. ಬಯೋಸಿನಲ್ಲಿ ಇಕೋ ಮೋಡ್ ಎಂಬ ಆಯ್ಕೆಯಿತ್ತು. ಎಲ್ಲ ಬೋರ್ಡುಗಳಲ್ಲಿಯೂ ಇರುವುದಿಲ್ಲ, ನನ್ನ ಅದೃಷ್ಟ. ಅದರಲ್ಲಿ 65 ವ್ಯಾಟಿನ ದರ್ಜೆಯನ್ನು ಆರಿಸಿದರೆ ಪ್ರೊಸೆಸರು 88 ವ್ಯಾಟಿಗಿಂತ ಹೆಚ್ಚು ಎಳೆಯುವುದಿಲ್ಲ. ತುತ್ತತುದಿಯ ವೇಗ ಸ್ವಲ್ಪ ಹೋಯಿತು, ಆದರೆ ಬೀಳುವುದು ನಿಂತಿತು. ನಿಲ್ಲದೆ ನಡೆಯುವ ಎತ್ತು ಓಡಿ ಕುಸಿಯುವ ಕುದುರೆಗಿಂತ ಬೇಗ ಊರು ಸೇರುತ್ತದೆ. ಜೊತೆಗೆ ಪೆಟ್ಟಿಗೆಯ ಹಿಂಭಾಗದಲ್ಲಿ ಮಾಸ್‌ಫೆಟ್ಟುಗಳ ಹತ್ತಿರ ಒಂದು ಫ್ಯಾನು ಹಾಕಿಸಿದೆ. ವಾರ್ಷಿಕೋತ್ಸವದ ವಿಡಿಯೋ ಮುಕ್ಕಾಲು ಗಂಟೆಯಲ್ಲಿ ಮುಗಿಯಿತು.

ಶಾಲೆಯ ಯಂತ್ರಗಳ ಪ್ರಶ್ನೆ ಉಳಿಯಿತು. ಅಲ್ಲಿಯೂ ಇಕೋ ಮೋಡ್ ಹಾಕಬಹುದಿತ್ತಲ್ಲ ಎನ್ನಬಹುದು. ಆದರೆ ಅಲ್ಲಿ ನೋಡಿಕೊಳ್ಳುವವರು ಯಾರು? ಬಯೋಸಿನ ಬ್ಯಾಟರಿ ಸತ್ತು ಆಯ್ಕೆಗಳೆಲ್ಲ ಅಳಿಸಿಹೋದರೆ ಪ್ರೊಸೆಸರು ಮತ್ತೆ 142ಕ್ಕೆ ಏರುತ್ತದೆ, ಯಾರಿಗೂ ತಿಳಿಯುವುದಿಲ್ಲ. ಆ ಬೋರ್ಡುಗಳಿಗೆ ವಯಸ್ಸೂ ಆಗಿದೆ. ದ್ರವ ತುಂಬಿದ ಕೆಪಾಸಿಟರುಗಳ ಆಯುಸ್ಸು ಪ್ರತಿ ಹತ್ತು ಡಿಗ್ರಿ ಉಷ್ಣತೆ ಏರಿದಾಗ ಸರಿಸುಮಾರು ಅರ್ಧಕ್ಕಿಳಿಯುತ್ತದೆ ಎಂಬುದು ತಂತ್ರಜ್ಞರು ಬಳಸುವ ಲೆಕ್ಕ. ಕೆಟ್ಟರೆ ಸತ್ಯಮಂಗಲಕ್ಕೆ ಇಳಿಸಬೇಕು, ಇಲ್ಲವೇ ಚಾಮರಾಜನಗರಕ್ಕೆ ಒಯ್ಯಬೇಕು. ಒಯ್ದದ್ದು ಎಂದು ಹಿಂದೆ ಬರುವುದೋ ಹೇಳಲಾಗದು.

ಅದಕ್ಕಿಂತ ಮುಖ್ಯವಾದದ್ದು, ಆ ಯಂತ್ರಗಳ ನಿಧಾನಕ್ಕೆ ಪ್ರೊಸೆಸರು ಕಾರಣವೇ ಅಲ್ಲವೆಂದು ನಾನು ಆಮೇಲೆ ಕಂಡುಕೊಂಡದ್ದು. ಒಂದು ಶನಿವಾರ ಕುಳಿತು ನೋಡಿದೆ. ನಾಲ್ಕು ಜಿಬಿ ಮೆಮೊರಿ ತುಂಬಿ ತುಳುಕುತ್ತಿತ್ತು, ತಿರುಗುವ ಹಳೆಯ ಹಾರ್ಡ್ ಡಿಸ್ಕು ಏದುಸಿರು ಬಿಡುತ್ತಿತ್ತು, ಪ್ರೊಸೆಸರು ಬಹುಪಾಲು ಸುಮ್ಮನೆ ಕುಳಿತಿತ್ತು. ಸಭೆಯಲ್ಲಿ ಎದ್ದುನಿಲ್ಲುವ ಮೊದಲು ಈ ಅರ್ಧ ಗಂಟೆಯ ಕೆಲಸವನ್ನು ನಾನು ಮಾಡಿರಲಿಲ್ಲ. ಸ್ಥಳ ಪರಿಶೀಲನೆಯಿಲ್ಲದೆ ವರದಿ ಬರೆದ ಕಮಿಷನರನ್ನು ನ್ಯಾಯಾಲಯದಲ್ಲಿ ನಾನು ಹೇಗೆ ಹಿಂಡುತ್ತೇನೆಂದು ನೆನೆದು ನಾಚಿಕೆಯಾಯಿತು.

ಏಪ್ರಿಲಿನ ಸಭೆಯಲ್ಲಿ ಎಲ್ಲವನ್ನೂ ಹೇಳಿದೆ. ನನ್ನ ಸಲಹೆಯಂತೆ ಎರಡು ಪ್ರೊಸೆಸರುಗಳಿಗೆ ಕೊಟ್ಟಿದ್ದ ಎರಡು ಸಾವಿರ ರೂಪಾಯಿಯ ಮುಂಗಡ ಹಿಂದೆ ಬರುವುದಿಲ್ಲವೆಂದೂ, ಅದನ್ನು ನಾನು ತುಂಬಿಕೊಡುತ್ತೇನೆಂದೂ ಹೇಳಿದೆ. ಫೇಸು, ಮಾಸ್‌ಫೆಟ್ಟು ಎಂದು ವಿವರಿಸಲು ಹೊರಟು ತಡವರಿಸುತ್ತಿದ್ದಾಗ ಹಿಂದಿನ ಬೆಂಚಿನಿಂದ ಒಬ್ಬ ಹಿರಿಯರು ಎದ್ದರು. ಮೊಮ್ಮಗಳು ಆರನೆಯ ತರಗತಿ.

"ವಕೀಲ್ರೆ, ನಾನು ಬಾವಿಗ ಐದರ ಮೋಟ್ರು ತೆಗೆದು ಏಳೂವರೆ ಇಳಿಸ್ದೆ. ಕೇಬಲ್ಲು ಹಳೇದ್ನೆ ಬುಟ್ಟೆ. ಮೂರು ದಿನಕ್ಕ ಸ್ಟಾರ್ಟರ್ ತಾವ ಕರಕಲು ವಾಸನೆ. ಇದೂ ಅದೇ ತಾನೆ?"

ಅದೇ ಎಂದೆ. ಸಭೆಗೆ ಅರ್ಥವಾಯಿತು. ನಾನು ಕಾಲು ಗಂಟೆಯಿಂದ ಹೆಣಗಿದ್ದನ್ನು ಅವರು ನಾಲ್ಕು ಮಾತಿನಲ್ಲಿ ಮುಗಿಸಿದ್ದರು. ಯಾರೂ ಬೈಯಲಿಲ್ಲ. ಮುನ್ನೂರು ರೂಪಾಯಿ ಎಣಿಸಿ ಕೊಟ್ಟಿದ್ದ ತಾಯಿ ಮಾತ್ರ, "ಹಂಗಾರೆ ದುಡ್ಡು ಹಂಗೆ ಅದಲ್ಲ ಸಾರ್?" ಎಂದು ಕೇಳಿ, ಇದೆ ಎಂದಾಗ ಕುಳಿತುಕೊಂಡರು.

ಐದಕ್ಕೂ ಒಂದೊಂದು ಎಸ್‌ಎಸ್‌ಡಿ, ಒಂದೊಂದು ಎಂಟು ಜಿಬಿ ಮೆಮೊರಿ ಕೊಂಡೆವು. 17,000 ರೂಪಾಯಿಯಾಯಿತು. ಪ್ರೊಸೆಸರುಗಳನ್ನು ಮುಟ್ಟಲಿಲ್ಲ. ಉಳಿದ ಹಣದಲ್ಲಿ ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸುವುದೆಂದು ಠರಾವಾಗಿದೆ. ನಾಲ್ಕು ಯಂತ್ರಗಳ ಕೆಲಸ ಮುಗಿದಿದೆ. ಪೆಟ್ಟಿಗೆ ತೆರೆದಾಗಲೆಲ್ಲ ಕೆಪಾಸಿಟರುಗಳ ತಲೆ ಉಬ್ಬಿದೆಯೇ ಎಂದು ಬಗ್ಗಿ ನೋಡುವ ಕೆಲಸವನ್ನು ಆ ಹಿರಿಯರ ಮೊಮ್ಮಗಳು ತಾನೇ ವಹಿಸಿಕೊಂಡಿದ್ದಾಳೆ. ಮೂರನೆಯ ಯಂತ್ರದಲ್ಲಿ ಒಂದರ ಮೇಲೆ ಅವಳಿಗೆ ಸಂಶಯವಿದೆ. ನನಗೆ ಅದು ಚಪ್ಪಟೆಯಾಗಿಯೇ ಕಾಣುತ್ತದೆ. ಐದನೆಯದನ್ನು ತೆರೆಯುವ ಶನಿವಾರ ಅದನ್ನೂ ಮತ್ತೊಮ್ಮೆ ನೋಡುವುದೆಂದು ಒಪ್ಪಿಕೊಂಡಿದ್ದೇವೆ.